ನಂಬಿಕೆ, ನೆಲ, ನೀರು: ಹೊಸಪೇಟೆ–ಹಂಪಿ–ಸಂಡೂರು–ಕಂಪ್ಲಿ ಪರಿಸರದ ಜೀವವೈವಿಧ್ಯ ಮತ್ತು ಗ್ರಾಮೀಣ ಬದುಕು

ಕರ್ನಾಟಕದ ಚರಿತ್ರೆಯಲ್ಲಿ ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಪ್ರದೇಶಗಳಿಗೆ ವಿಶಿಷ್ಟವಾದ ಸ್ಥಾನವಿದೆ. ಇಲ್ಲಿನ ಶಾಸನ, ದೇವಾಲಯ, ಕೋಟೆ, ಅರಮನೆಗಳನ್ನು ಕುರಿತು ನಾಡಿನ ಹಾಗೂ ಹೊರನಾಡಿನ ವಿದ್ವಾಂಸರು ನೂರು ವರ್ಷಗಳಿಗೂ ಮಿಗಿಲಾಗಿ ಅಧ್ಯಯನ ನಡೆಸಿದ್ದಾರೆ. ಆದರೆ ಆ ರಾಜಧಾನಿಗೆ ಅನ್ನವಿತ್ತ ಗದ್ದೆ, ನೀರಿತ್ತ ಕಾಲುವೆ, ಕಬ್ಬಿಣವಿತ್ತ ಬೆಟ್ಟ, ಮೇವಿತ್ತ ಕುರುಚಲು ಕಾಡು, ಇವುಗಳನ್ನು ನಂಬಿ ಬದುಕಿದ ಜನಸಮುದಾಯಗಳ ಚರಿತ್ರೆ ಅಷ್ಟು ಪ್ರಮಾಣದಲ್ಲಿ ಬೆಳಕಿಗೆ ಬಂದಿಲ್ಲ. ಈ ಸಮುದಾಯಗಳು ತಮ್ಮ ಸುತ್ತಣ ನಿಸರ್ಗವನ್ನು ದೇವರು, ಐತಿಹ್ಯ, ಹಬ್ಬ, ಜಾತ್ರೆಗಳ ಮೂಲಕ ಅರ್ಥೈಸಿಕೊಂಡವು. ಆ ನಂಬಿಕೆಗಳಿಗೂ ಇಲ್ಲಿನ ಜೀವವೈವಿಧ್ಯಕ್ಕೂ ಜನರ ಜೀವನೋಪಾಯಕ್ಕೂ ಇದ್ದ ಸಂಬಂಧವನ್ನು ಚಾರಿತ್ರಿಕವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಗ್ರಾಮೀಣ ನಂಬಿಕೆಗಳು ಪರಿಸರವನ್ನು ಕಾಪಾಡಿದವು ಎಂಬ ಮಾತನ್ನು ಇತ್ತೀಚಿನ ದಿನಗಳಲ್ಲಿ ಪದೇ ಪದೇ ಕೇಳುತ್ತೇವೆ. ಈ ಮಾತು ಪೂರ್ಣ ಸತ್ಯವೂ ಅಲ್ಲ, ಪೂರ್ಣ ಮಿಥ್ಯವೂ ಅಲ್ಲ. ಯಾವ ಸಂದರ್ಭದಲ್ಲಿ ನಂಬಿಕೆ ನೆಲ-ನೀರನ್ನು ಕಾದಿತು, ಯಾವ ಸಂದರ್ಭದಲ್ಲಿ ಕಾಯಲಾರದೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಈ ನಾಲ್ಕು ಸ್ಥಳಗಳು ಸೂಕ್ತವಾದ ಕ್ಷೇತ್ರವನ್ನು ಒದಗಿಸುತ್ತವೆ.

ಭೌಗೋಳಿಕ ಹಿನ್ನೆಲೆ

ಈ ನಾಲ್ಕೂ ಸ್ಥಳಗಳು ಬಹುಕಾಲ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 2021ರಲ್ಲಿ ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗ ಹೊಸಪೇಟೆ ಅದರ ಕೇಂದ್ರವಾಯಿತು. ಹಂಪಿ ಆ ಜಿಲ್ಲೆಗೆ ಸೇರಿತು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಉಳಿದವು. ಆಡಳಿತದ ಗಡಿ ಬೇರೆಯಾದರೂ ನಿಸರ್ಗದ ದೃಷ್ಟಿಯಿಂದ ಇವು ಒಂದೇ ಪ್ರದೇಶದ ಅಂಗಗಳು. ಉತ್ತರದಲ್ಲಿ ತುಂಗಭದ್ರೆ ಬಂಡೆಗಳ ನಡುವೆ ಹರಿಯುತ್ತಾಳೆ. ಹಂಪಿಯ ಸುತ್ತ ಬೆಣಚುಕಲ್ಲಿನ ಗುಡ್ಡಗಳಿವೆ. ದಕ್ಷಿಣಕ್ಕೆ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರನ್ನು ಒಡಲಲ್ಲಿಟ್ಟುಕೊಂಡ ಸಂಡೂರಿನ ಬೆಟ್ಟಸಾಲುಗಳು ಹಬ್ಬಿವೆ. ಪೂರ್ವಕ್ಕೆ ಕಂಪ್ಲಿಯ ಬತ್ತದ ಬಯಲಿದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಬೆಟ್ಟದಲ್ಲಿ ಬಿದ್ದ ನೀರು ಹಳ್ಳವಾಗಿ, ಕೆರೆಯಾಗಿ, ಕಾಲುವೆಯಾಗಿ ಬಯಲಿಗೆ ಇಳಿಯಬೇಕು. ಆದುದರಿಂದ ಬೆಟ್ಟಕ್ಕೆ ಆದ ಪೆಟ್ಟು ಬಯಲಿಗೂ ತಗಲುತ್ತದೆ. ಈ ಸರಳ ಸಂಗತಿಯನ್ನು ಮುಂದಿನ ಚರ್ಚೆಯುದ್ದಕ್ಕೂ ನೆನಪಿನಲ್ಲಿಡುವುದು ಅವಶ್ಯ.

ಬೂದಿದಿಬ್ಬಗಳು: ದನಗಾಹಿಗಳ ಬದುಕು ಮತ್ತು ಐತಿಹ್ಯ

ಹಂಪಿಯ ಸಮೀಪದ ನಿಂಬಾಪುರದಲ್ಲಿ ಒಂದು ಬೂದಿದಿಬ್ಬವಿದೆ. ಸುಗ್ರೀವನ ಅಣ್ಣನಾದ ವಾಲಿಯ ದೇಹವನ್ನು ದಹಿಸಿದ ಸ್ಥಳವೇ ಇದು ಎಂಬುದು ಜನರ ನಂಬಿಕೆ. ಬಳ್ಳಾರಿಯ ದಾರಿಯಲ್ಲಿರುವ ಕುಡತಿನಿಯ ಬೂದಿದಿಬ್ಬವನ್ನು ಜನರು ರಾಕ್ಷಸನೊಬ್ಬನ ಅವಶೇಷವೆಂದು ಹೇಳುತ್ತಾ ಬಂದಿದ್ದಾರೆ. ಪುರಾತತ್ತ್ವ ಸಂಶೋಧನೆ ಇವುಗಳ ಬಗೆಗೆ ಬೇರೊಂದು ವಿವರಣೆಯನ್ನು ನೀಡುತ್ತದೆ. ಇವು ನವಶಿಲಾಯುಗದ ಪಶುಪಾಲಕರು ದನಗಳನ್ನು ಕೂಡಿಹಾಕುತ್ತಿದ್ದ ನೆಲೆಗಳಲ್ಲಿ ರಾಶಿ ಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಉಂಟಾದ ದಿಬ್ಬಗಳು. ಇಂಗ್ಲೆಂಡಿನ ಪುರಾತತ್ತ್ವಜ್ಞ ಎಫ್.ಆರ್. ಆಲ್ಚಿನ್ ಅವರು 1963ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಸುಡುವಿಕೆಯನ್ನು ಋತುಮಾನದ ಆಚರಣೆಯೆಂದು ಭಾವಿಸಿ, ಇಂದಿನ ಹೋಳಿ, ದೀಪಾವಳಿ, ಸಂಕ್ರಾಂತಿ ಮೊದಲಾದ ಹಬ್ಬಗಳ ಬೆಂಕಿಯ ಆಚರಣೆಗಳೊಡನೆ ಹೋಲಿಸಿರುವುದು ಉಲ್ಲೇಖಾರ್ಹ.

ಸುಮಾರು ನಾಲ್ಕೂವರೆ ಸಾವಿರ ವರ್ಷಗಳಷ್ಟು ಹಿಂದಕ್ಕೆ ಹೋಗುವ ಈ ನೆಲೆಗಳಲ್ಲಿ ಮೇವು, ನೀರು, ದನ, ಬೆಂಕಿ ಇವು ಒಂದೇ ಬದುಕಿನ ಭಾಗಗಳಾಗಿದ್ದವು. ಆ ಬದುಕು ಮರೆಯಾದ ಮೇಲೆ ಅದರ ಗುರುತಾದ ಬೂದಿಯ ಮೇಲೆ ರಾಮಾಯಣದ ಕಥೆ ಬಂದು ಕುಳಿತಿತು. ಕಥೆಯು ಮೂಲ ಸಂಗತಿಯನ್ನು ಮರೆಸಿತು, ಆದರೆ ಸ್ಥಳಕ್ಕೆ ಒಂದು ಗೌರವವನ್ನು ತಂದಿತು. ಗೊಬ್ಬರಕ್ಕೆಂದೋ ರಸ್ತೆಗೆಂದೋ ಅನೇಕ ಬೂದಿದಿಬ್ಬಗಳು ಬಳ್ಳಾರಿ ಸೀಮೆಯಲ್ಲಿ ಅಗೆಯಲ್ಪಟ್ಟಿರುವಾಗ ವಾಲಿಯ ದಿಬ್ಬದಂಥವು ಐತಿಹ್ಯದ ಬಲದಿಂದಲೂ ಜನರ ನೆನಪಿನಲ್ಲಿ ಉಳಿದಿವೆ ಎನ್ನಬಹುದು.

ಕೆರೆ-ಕಾಲುವೆಗಳು: ಪುಣ್ಯ, ಭಯ ಮತ್ತು ದುಡಿಮೆ

ಕಂಪ್ಲಿ ವಿಜಯನಗರಕ್ಕಿಂತಲೂ ಹಳೆಯ ರಾಜಕೀಯ ಕೇಂದ್ರ. ಹನ್ನೊಂದನೆಯ ಶತಮಾನದಲ್ಲಿ ಇಲ್ಲಿದ್ದ ಕಲ್ಯಾಣ ಚಾಲುಕ್ಯರ ಅರಮನೆಯನ್ನು ಚೋಳ ರಾಜಾಧಿರಾಜನು ನಾಶಪಡಿಸಿದ ಸಂಗತಿ ಚೋಳ ಶಾಸನಗಳಿಂದ ತಿಳಿದುಬರುತ್ತದೆ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಕಂಪಿಲರಾಯ ಮತ್ತು ಅವನ ಮಗ ಕುಮಾರರಾಮ ಈ ಸೀಮೆಯನ್ನು ಆಳಿ, ದೆಹಲಿ ಸುಲ್ತಾನರ ಸೈನ್ಯವನ್ನು ಎದುರಿಸಿ ಮಡಿದರು. ಅದರ ಬೆನ್ನಲ್ಲಿಯೇ ಉದಯಿಸಿದ ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಲಾಗಿ ಅಣೆಗಳನ್ನು ಕಟ್ಟಿಸಿ ಕಾಲುವೆಗಳನ್ನು ತೆಗೆಸಿದರು. ತುರ್ತು, ಬಸವಣ್ಣ, ರಾಯ, ಬೆಲ್ಲ, ಕಾಳಘಟ್ಟ, ರಾಮಸಾಗರ, ಕಂಪ್ಲಿ ಎಂಬ ಹೆಸರಿನ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ತುರ್ತು ಕಾಲುವೆ ಹಂಪಿಯ ದೇವಾಲಯಗಳ ಭಾಗಕ್ಕೂ ಅರಮನೆಗಳ ಭಾಗಕ್ಕೂ ನಡುವಿನ ಕಣಿವೆಯಲ್ಲಿ ಹಾದು, ಬಾಳೆ, ಬತ್ತ, ಕಬ್ಬುಗಳಿಗೆ ನೀರುಣಿಸುತ್ತದೆ. ಅರಮನೆಗಳು ಪಾಳುಬಿದ್ದು ನಾಲ್ಕೂವರೆ ಶತಮಾನಗಳು ಕಳೆದಿದ್ದರೂ ಕಾಲುವೆಗಳು ಬದುಕಿರುವುದಕ್ಕೆ ಕಾರಣ ಸ್ಪಷ್ಟ: ಅವುಗಳ ಹೂಳನ್ನು ಪ್ರತಿ ತಲೆಮಾರಿನ ರೈತನೂ ತೆಗೆಯಬೇಕಾಗಿತ್ತು.

ಮಧ್ಯಕಾಲೀನ ಕರ್ನಾಟಕದಲ್ಲಿ ಕೆರೆ ಕಟ್ಟಿಸುವುದು ಸಪ್ತಸಂತಾನಗಳಲ್ಲಿ ಒಂದೆಂದು, ಅಂದರೆ ಮಕ್ಕಳಿಗೆ ಸಮನಾದ ಪುಣ್ಯವೆಂದು ಭಾವಿಸಲಾಗಿತ್ತು. ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯನ್ನು ಕುರಿತ 1369ರ ಪೋರುಮಾಮಿಳ್ಳ ಶಾಸನ ಒಳ್ಳೆಯ ಕೆರೆಯ ಲಕ್ಷಣಗಳನ್ನೂ ದೋಷಗಳನ್ನೂ ಪಟ್ಟಿಮಾಡುತ್ತದೆ. ಸಾವಿರ ಜನ ಕೂಲಿಗಳು, ನೂರು ಬಂಡಿಗಳು ಎರಡು ವರ್ಷ ದುಡಿದ ವಿವರ ಅದರಲ್ಲಿದೆ. ಪುಣ್ಯದ ಮಾತಿನ ಜೊತೆಗೆ ಲೆಕ್ಕವೂ ತಂತ್ರಜ್ಞಾನವೂ ಇದ್ದುದನ್ನು ಇಲ್ಲಿ ಗಮನಿಸಬೇಕು. ಕೆರೆ ಕಟ್ಟಿದವನಿಗೆ, ಅದನ್ನು ದುರಸ್ತಿಯಲ್ಲಿಟ್ಟವನಿಗೆ ಕಟ್ಟುಕೊಡಗೆ, ದಶವಂದ ಮೊದಲಾದ ಹೆಸರಿನಲ್ಲಿ ಭೂಮಿಯನ್ನೋ ಉತ್ಪನ್ನದ ಪಾಲನ್ನೋ ಬಿಡುವ ಪದ್ಧತಿಯಿತ್ತು. ನೀರನ್ನು ಸರದಿಯ ಮೇಲೆ ಹಂಚಲು ನೀರಗಂಟಿಯಿದ್ದನು. ಹೀಗೆ ಪುಣ್ಯ, ಹಕ್ಕು, ನಿರ್ವಹಣೆ ಮೂರೂ ಒಂದೇ ವ್ಯವಸ್ಥೆಯೊಳಗೆ ಹೆಣೆದುಕೊಂಡಿದ್ದವು.

ಇದಕ್ಕೆ ಇನ್ನೊಂದು ಮುಖವೂ ಉಂಟು. ಕೃಷ್ಣದೇವರಾಯನು ಇಂದಿನ ಹೊಸಪೇಟೆಯ ಬಳಿ ಕಟ್ಟಿಸುತ್ತಿದ್ದ ದೊಡ್ಡ ಕೆರೆಯನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಂಡನು. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರೆಂದೂ, ಕೆರೆ ಎರಡು ಮೂರು ಬಾರಿ ಒಡೆದುದರಿಂದ ಅರವತ್ತು ಮಂದಿ ಮನುಷ್ಯರನ್ನೂ ಕುದುರೆ-ಕೋಣಗಳನ್ನೂ ಬಲಿ ಕೊಡಲಾಯಿತೆಂದೂ ಅವನು ಬರೆದಿದ್ದಾನೆ. ನೂನಿಜ್‌ನ ಬರವಣಿಗೆಯೂ ಮರಣದಂಡನೆಗೆ ಗುರಿಯಾದ ಕೈದಿಗಳ ಬಲಿಯನ್ನು ಹೇಳುತ್ತದೆ. ಜೊತೆಗೆ ಪೋರ್ಚುಗೀಸ್ ಕಲ್ಲುಕೆಲಸದವನೊಬ್ಬನ ನೆರವನ್ನೂ ತಿಳಿಸುತ್ತದೆ. ನೀರು ನಿಲ್ಲಬೇಕಾದರೆ ಜೀವ ಕೊಡಬೇಕೆಂಬ ನಂಬಿಕೆ ನಮ್ಮ ಜನಪದ ಕಥನಗೀತೆಗಳಲ್ಲಿಯೂ ಇದೆ. ಅಲ್ಲಿ ಬಲಿಯಾಗುವವಳು ಮನೆಯ ಸೊಸೆ. ಆದುದರಿಂದ ಹಿಂದಿನ ನಂಬಿಕೆಗಳೆಲ್ಲವೂ ಕರುಣಾಮಯವಾಗಿದ್ದವೆಂದು ಬಗೆಯುವುದು ಚರಿತ್ರೆಗೆ ಮಾಡುವ ಅಪಚಾರವಾಗುತ್ತದೆ. ಇಷ್ಟೆಲ್ಲ ಬಲಿ ಪಡೆದ ಆ ರಾಯರ ಕೆರೆ ಬಳಕೆ ತಪ್ಪಿತು. ರೈತರು ನಿರಂತರವಾಗಿ ನಿರ್ವಹಿಸಿಕೊಂಡು ಬಂದ ಕಮಲಾಪುರದ ಕೆರೆ ಉಳಿಯಿತು.

ಅಮೆರಿಕದ ಪುರಾತತ್ತ್ವಜ್ಞೆ ಕ್ಯಾಥಲೀನ್ ಮಾರಿಸನ್ ಅವರು ಕಮಲಾಪುರ ಕೆರೆಯ ಹೂಳಿನಲ್ಲಿ ದೊರೆತ ಪರಾಗಕಣಗಳನ್ನು ಅಭ್ಯಸಿಸಿ, ದರೋಜಿ ಕಣಿವೆಯ ಕೆರೆಗಳನ್ನು ಸಮೀಕ್ಷಿಸಿ, ವಿಜಯನಗರ ಕಾಲದಲ್ಲಿ ಸಸ್ಯಸಂಪತ್ತು ಹೇಗೆ ಬದಲಾಯಿತೆಂಬುದನ್ನು ವಿವರಿಸಿದ್ದಾರೆ. ನಗರ ಬೆಳೆದಂತೆ ಸುತ್ತಣ ಗುಡ್ಡಗಳ ಮರಗಳು ಕಡಿಮೆಯಾದವು. ನೀರಾವರಿಯ ಬತ್ತ ದೇವಾಲಯಕ್ಕೂ ಅರಮನೆಗೂ ಹೋದರೆ, ಸಾಮಾನ್ಯರು ಮಳೆಯನ್ನು ನಂಬಿದ ಸಿರಿಧಾನ್ಯಗಳ ಮೇಲೆಯೇ ಹೆಚ್ಚಾಗಿ ಬದುಕಿದರು. ನೀರಿನ ಹಂಚಿಕೆಯ ಅಸಮಾನತೆ ಹೊಸ ಕಾಲದ ಸಮಸ್ಯೆ ಮಾತ್ರವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತುಂಗಭದ್ರೆ: ಹೊಳೆಯನ್ನು ನಂಬಿದವರು

ಹಂಪಿ ಎಂಬ ಹೆಸರೇ ಪಂಪೆಯಿಂದ ಬಂದುದು. ಪಂಪೆಯು ಮೊದಲಿಗೆ ಹೊಳೆಯ ದಂಡೆಯ ಸ್ಥಳೀಯ ದೇವತೆಯಾಗಿದ್ದು, ಅನಂತರ ಶಿವನ ಮಡದಿಯಾಗಿ ವಿರೂಪಾಕ್ಷನ ಪಕ್ಕದಲ್ಲಿ ನೆಲೆಗೊಂಡಳೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಮಾರ್ಗಶಿರ ಮಾಸದ ಫಲಪೂಜೆಯಲ್ಲಿ ಪಂಪಾ-ವಿರೂಪಾಕ್ಷರ ನಿಶ್ಚಿತಾರ್ಥವೂ, ಚೈತ್ರದಲ್ಲಿ ಕಲ್ಯಾಣ ಮತ್ತು ರಥೋತ್ಸವವೂ ನಡೆಯುತ್ತವೆ. ಮುಂಗಾರಿನ ಕೊಯ್ಲು ಮುಗಿಯುವ ಹೊತ್ತಿನ ಫಲಪೂಜೆಗೆ, ಹೊಲದ ಕೆಲಸ ಬಿಡುವಾದ ಬೇಸಗೆಯ ರಥೋತ್ಸವಕ್ಕೆ ಸುತ್ತಲಿನ ಹಳ್ಳಿಗಳ ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ದೇವತೆಯ ಬಾಳಿನ ಘಟನೆಗಳು ಹೀಗೆ ರೈತನ ವರ್ಷದೊಡನೆ ಹೊಂದಿಕೊಂಡಿವೆ.

ಈ ಹೊಳೆಯಲ್ಲಿ ಹರಿಗೋಲು ನಡೆಸುವ, ಬಲೆ ಬೀಸುವ ಬೆಸ್ತರು, ಗಂಗಾಮತಸ್ಥರು ಗಂಗೆಯನ್ನು ಕುಲದೇವತೆಯೆಂದು ಪೂಜಿಸುತ್ತಾರೆ. ಬೆತ್ತದಿಂದ ಹೆಣೆದು ತೊಗಲು ಹೊದಿಸಿದ, ಬುಟ್ಟಿಯಂತೆ ದುಂಡಗಿನ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ದಾಟುತ್ತಿದ್ದುದನ್ನೂ, ಕುದುರೆ-ಎತ್ತುಗಳನ್ನು ಕೂಡ ಸಾಗಿಸುತ್ತಿದ್ದುದನ್ನೂ ಪಾಯೆಸ್ ವರ್ಣಿಸಿದ್ದಾನೆ. ಐದು ಶತಮಾನಗಳ ನಂತರವೂ ಆನೆಗೊಂದಿ, ಹಂಪಿಗಳ ದಂಡೆಯಲ್ಲಿ ಹರಿಗೋಲು ಕಾಣಸಿಗುತ್ತದೆ. ಹೊದಿಕೆ ಪ್ಲಾಸ್ಟಿಕ್ ಆಗಿದೆ, ಪ್ರಯಾಣಿಕರು ಪ್ರವಾಸಿಗರಾಗಿದ್ದಾರೆ.

ಈ ನೀರಿನಲ್ಲಿ ಮನುಷ್ಯರೊಡನೆ ಮೀನಿಗಾಗಿ ಪೈಪೋಟಿ ನಡೆಸುವ ಇನ್ನೊಂದು ಜೀವಿ ನೀರುನಾಯಿ. ಬಂಡೆಗಳ ಸಂದು, ದಂಡೆಯ ಜೊಂಡು ಅದರ ಮನೆ. ಬಲೆ ಹರಿಯುವ ಈ ಪ್ರಾಣಿಯ ಮೇಲೆ ಮೀನುಗಾರನಿಗೆ ಸಿಟ್ಟು ಬರುವುದು ಸಹಜ. ಆದರೆ ಹೊಳೆಯಲ್ಲಿ ನೀರುನಾಯಿ ಇದೆಯೆಂದರೆ ಮೀನೂ ಇದೆಯೆಂದೇ ಅರ್ಥ. 2015ರಲ್ಲಿ ಸರ್ಕಾರವು ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗೆಂದೇ ಮೀಸಲಾದ ದೇಶದ ಮೊದಲ ಪ್ರದೇಶವಿದು. ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಮರಳು ತೆಗೆಯುವುದು, ಬಂಡೆ ಒಡೆಯುವುದು ಇವು ನೀರುನಾಯಿಗೂ ಬಡ ಬೆಸ್ತನಿಗೂ ಏಕಕಾಲಕ್ಕೆ ಕೇಡು ತರುವ ಕೆಲಸಗಳು. ಆದುದರಿಂದ ಇಬ್ಬರ ಹಿತವೂ ಒಂದೇ ಎಂಬ ತಿಳಿವಳಿಕೆ ಮೂಡಿದ ಕಡೆ ಮೀಸಲು ಪ್ರದೇಶ ಕಾಗದದಿಂದ ಹೊಳೆಗೆ ಇಳಿಯುತ್ತದೆ.

1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟು ಈ ಸೀಮೆಯ ಬದುಕನ್ನು ಬುಡಮೇಲು ಮಾಡಿತು. ಅನೇಕ ಹಳ್ಳಿಗಳು ಅವುಗಳ ಗ್ರಾಮದೇವತೆಗಳ ಗುಡಿಗಳೊಡನೆ ಮುಳುಗಿದವು. ಕೃಷ್ಣದೇವರಾಯನ ಕಾಲದ ಹಳೆಯ ಅಣೆಗಳೂ ಅದರಡಿ ಸೇರಿ, ಬಸವಣ್ಣ ಮತ್ತು ರಾಯ ಕಾಲುವೆಗಳು ಹೊಸ ಜಲಾಶಯದಿಂದ ನೀರು ಪಡೆಯುವಂತಾಯಿತು. ಕಂಪ್ಲಿ, ಗಂಗಾವತಿ ಕಡೆಯ ಒಣಭೂಮಿ ಸೋನಾ ಮಸೂರಿಯ ಕಣಜವಾಯಿತು. ಜೋಳ, ನವಣೆ, ಸಜ್ಜೆ, ಹತ್ತಿ ಕೂಡಿ ಬೆಳೆಯುತ್ತಿದ್ದ ಹೊಲಗಳಲ್ಲಿ ಬತ್ತವೊಂದೇ ಉಳಿಯಿತು. ಹಲವೆಡೆ ಮಣ್ಣು ಸವಳಾಯಿತು. ಮೇಲಿನಿಂದ ಬಂದ ಹೂಳಿನಿಂದಾಗಿ 133 ಟಿಎಂಸಿ ಅಡಿಯ ಜಲಾಶಯದ ಸಾಮರ್ಥ್ಯ 2016ರ ಸಮೀಕ್ಷೆಯ ಪ್ರಕಾರ ಸುಮಾರು 105.8 ಟಿಎಂಸಿ ಅಡಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಕಂಪ್ಲಿಯಿಂದ ರಾಯಚೂರಿನವರೆಗಿನ ರೈತರು ಒಂದು ವಾರ ಉಸಿರು ಬಿಗಿಹಿಡಿದರು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿ ನೀರನ್ನು ಉಳಿಸಿಕೊಳ್ಳಲಾಯಿತು. ಜಲಾಶಯ ತುಂಬಿದಾಗ ಬಾಗಿನ ಅರ್ಪಿಸುವ ಸಂಪ್ರದಾಯ ಇಂದಿಗೂ ಉಂಟು. ಬಾಗಿನದೊಡನೆ ಸರಪಳಿಯ ಪರಿಶೀಲನೆಯೂ ನಡೆಯಬೇಕೆಂಬುದನ್ನು ಆ ರಾತ್ರಿ ಕಲಿಸಿತು. ಪೋರುಮಾಮಿಳ್ಳದ ಶಾಸನಕಾರನು ಈ ಮಾತನ್ನು ಬಲ್ಲವನಾಗಿದ್ದನು.

ಗುಡ್ಡ ಮತ್ತು ಕರಡಿ

ಹಂಪಿಯ ಸೀಮೆಯನ್ನು ಜನರು ಕಿಷ್ಕಿಂಧೆಯೆಂದು ನಂಬುತ್ತಾರೆ. ಆನೆಗೊಂದಿಯ ಅಂಜನಾದ್ರಿ, ಋಷ್ಯಮೂಕ, ಮಾತಂಗ ಪರ್ವತಗಳು ಈ ನಂಬಿಕೆಯ ಗುರುತುಗಳು. ಹನುಮಂತನ ನಾಡಿನಲ್ಲಿ ಕೋತಿಗೆ ಕಲ್ಲೆಸೆಯುವ ಕೈ ಹಿಂಜರಿಯುತ್ತದೆ. ಜಾಂಬವಂತನ ಕಥೆಯಿಂದಾಗಿ ಕರಡಿಗೂ ಆ ಗೌರವದ ಒಂದು ಪಾಲು ಸಂದಿದೆ. ಸಂಡೂರು ತಾಲೂಕಿನ ದರೋಜಿಗೂ ರಾಮಸಾಗರಕ್ಕೂ ನಡುವಿನ ಬಂಡೆಗುಡ್ಡಗಳ ಕಾಡನ್ನು 1994ರಲ್ಲಿ ಕರಡಿಧಾಮವೆಂದು ಘೋಷಿಸಲಾಯಿತು. ಇಂದು ಅದರ ವಿಸ್ತೀರ್ಣ ಸುಮಾರು 82 ಚದರ ಕಿಲೋಮೀಟರ್. ಗೆದ್ದಲು, ಜೇನು, ಕಾರೆ, ಬೋರೆ, ಸೀತಾಫಲ ಮೊದಲಾದ ಹಣ್ಣುಗಳನ್ನು ತಿಂದು ಬದುಕುವ ಕರಡಿ, ತಿಂದ ಹಣ್ಣಿನ ಬೀಜವನ್ನು ಗುಡ್ಡದ ತುಂಬ ಹರಡುತ್ತದೆ. ಅಪರೂಪದ ಹಳದಿ ಕೊರಳಿನ ಪಿಕಳಾರ ಹಕ್ಕಿಯೂ ಈ ಬಂಡೆಗಳ ನಡುವೆ ಇದೆ.

ಇಲ್ಲಿಯೂ ನಂಬಿಕೆಯೊಂದೇ ಸಾಲದು. ಹೊಲಕ್ಕೆ ನುಗ್ಗಿ ಶೇಂಗಾ, ಮೆಕ್ಕೆಜೋಳ ಹಾಳುಮಾಡುವ ಕರಡಿಯನ್ನು ಜಾಂಬವಂತನೆಂದು ಕೈಮುಗಿಯುವುದು ಎರಡೆಕರೆಯ ರೈತನಿಗೆ ಸುಲಭವಲ್ಲ. ಕರಡಿಧಾಮದ ಅಂಚಿನ ಹಳ್ಳಿಗಳಲ್ಲಿ ಪರಿಹಾರ ಸಕಾಲಕ್ಕೆ ಸಿಕ್ಕಾಗ, ಕಾಡಿನೊಳಗೆ ಹಣ್ಣಿನ ಗಿಡಗಳು ಸಮೃದ್ಧವಾಗಿದ್ದಾಗ ನಂಬಿಕೆ ಉಳಿಯುತ್ತದೆ. ಇಲ್ಲವಾದರೆ ಅದು ಹಗೆತನಕ್ಕೆ ತಿರುಗುತ್ತದೆ. ಇದೇ ದರೋಜಿಯವರಾದ ಬುರ್ರಕಥೆಯ ಈರಮ್ಮನವರು 2014ರಲ್ಲಿ ನಿಧನರಾದರು. ಓದುಬರಹ ಕಲಿಯದ ಅವರು ಕುಮಾರರಾಮನ ಕಥೆಯೂ ಸೇರಿದಂತೆ ಹಲವು ದೀರ್ಘಕಾವ್ಯಗಳನ್ನು ನೆನಪಿನಿಂದ ಹಾಡುತ್ತಿದ್ದರು. ಕಾಡಿನ ಸಂಪತ್ತಿನಂತೆ ನೆನಪಿನ ಸಂಪತ್ತು ಕೂಡ ಪೋಷಣೆಯಿಲ್ಲದಿದ್ದರೆ ಒಂದು ತಲೆಮಾರಿನಲ್ಲಿ ಬರಿದಾಗುತ್ತದೆ.

ಸಂಡೂರು: ದೇವರ ಬೆಟ್ಟ, ಅದಿರಿನ ಬೆಟ್ಟ

ನಮ್ಮ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದುರಾಗುವುದು ಸಂಡೂರಿನಲ್ಲಿ. ಇಲ್ಲಿನ ಸ್ವಾಮಿಮಲೆಯ ಪಾರ್ವತಿ ಮತ್ತು ಕುಮಾರಸ್ವಾಮಿ ದೇವಾಲಯಗಳು ರಾಷ್ಟ್ರಕೂಟರ ಕಾಲದಷ್ಟು ಹಳೆಯವು. ತಾಯಿಯೊಡನೆ ಮುನಿಸಿಕೊಂಡು ಬಂದ ಕುಮಾರಸ್ವಾಮಿ ಈ ಬೆಟ್ಟದಲ್ಲಿ ನೆಲೆನಿಂತನೆಂದೂ, ಪಾರ್ವತಿಯ ಎದೆಹಾಲು ಇಲ್ಲಿಯ ಬಿಳಿಯ ಮಣ್ಣಾಯಿತೆಂದೂ ಐತಿಹ್ಯವಿದೆ. ಆ ಬಿಳಿಮಣ್ಣನ್ನೇ ಭಕ್ತರು ವಿಭೂತಿಯೆಂದು ಹಣೆಗೆ ಹಚ್ಚಿಕೊಳ್ಳುತ್ತಾರೆ. ಬೆಟ್ಟದ ಮಣ್ಣನ್ನೇ ತಾಯಿಯ ಹಾಲೆಂದು ಕಂಡ ಜನರ ಕಲ್ಪನೆ ಅಸಾಧಾರಣವಾದುದು.

ಈ ಬೆಟ್ಟಸಾಲಿನಲ್ಲಿ ಮನುಷ್ಯರು ಹಿಂದೆಯೂ ಅದಿರು ತೆಗೆದಿದ್ದಾರೆ. ಹೊಸಪೇಟೆಯ ಬಳಿಯ ಜಂಬುನಾಥ ಬೆಟ್ಟದ ಅದಿರನ್ನು ಕಮಲಾಪುರದಲ್ಲಿ ಕರಗಿಸಿ, ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಗಳನ್ನು ಮಾಡುತ್ತಿದ್ದರು. ಬೆಟ್ಟದ ಕಬ್ಬಿಣ ಬಯಲಿನ ಬೆಲ್ಲಕ್ಕೆ ಒದಗುತ್ತಿತ್ತು. ಪರದೇಶದ ಕಬ್ಬಿಣ ಬಂದ ಮೇಲೆ ಈ ಕಸುಬು ನಶಿಸಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮ್ಯಾಂಗನೀಸ್ ಗಣಿಗಾರಿಕೆ ಆರಂಭವಾಯಿತು. 2000ದ ನಂತರ ಹೊರದೇಶಗಳ, ವಿಶೇಷವಾಗಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿ, ರೈತರ ಪಟ್ಟಾ ಭೂಮಿಯೂ ಗಣಿಯಾಯಿತು. ಬೆಟ್ಟದ ತುದಿ ಮಾಯವಾಯಿತು, ಹಳ್ಳದ ನೀರು ಕೆಂಪಾಯಿತು, ಬೆಳೆಯ ಮೇಲೆ ಧೂಳು ಕುಳಿತಿತು. ಅಕ್ರಮ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತ ವರದಿಗಳು 2008 ಮತ್ತು 2011ರಲ್ಲಿ ಬಂದವು. ಸಮಾಜ ಪರಿವರ್ತನಾ ಸಮುದಾಯ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ತೀವ್ರ ಅಕ್ರಮವೆಸಗಿದವುಗಳ ಗುತ್ತಿಗೆಯನ್ನು ರದ್ದುಗೊಳಿಸಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ವಿಧಿಸಿದ ವಾರ್ಷಿಕ ಮಿತಿ ಮೊದಲಿಗೆ 30 ದಶಲಕ್ಷ ಟನ್ ಇದ್ದುದು 2017ರಲ್ಲಿ 35ಕ್ಕೆ, 2022ರಲ್ಲಿ 50ಕ್ಕೆ ಏರಿತು. ಸ್ವಾಮಿಮಲೆ ಭಾಗದ ದೇವದಾರಿ ಗಣಿ ಯೋಜನೆಗಾಗಿ ಸುಮಾರು 401 ಹೆಕ್ಟೇರ್ ಅರಣ್ಯ ಮತ್ತು 99,330 ಮರಗಳ ಪ್ರಶ್ನೆ 2024ರಲ್ಲಿ ನಾಡಿನಾದ್ಯಂತ ಚರ್ಚೆಯಾಯಿತು; ಅರಣ್ಯಭೂಮಿಯನ್ನು ಹಸ್ತಾಂತರಿಸದಂತೆ ರಾಜ್ಯದ ಅರಣ್ಯ ಸಚಿವರು ಸೂಚಿಸಿದರು.

ತಾಯಿಯ ಹಾಲೆಂದು ಪೂಜಿತವಾದ ಮಣ್ಣನ್ನು ನಂಬಿಕೆ ಏಕೆ ಕಾಯಲಿಲ್ಲ? ಇದಕ್ಕೆ ಚರಿತ್ರೆಯಲ್ಲಿಯೇ ಉತ್ತರ ಹುಡುಕಬೇಕು. ಕಾಲುವೆಯ ಮೇಲೆ ರೈತನಿಗೆ ಸರದಿಯ ಹಕ್ಕಿತ್ತು. ಬೆಟ್ಟದ ಮೇಲೆ ಅದರ ಬುಡದಲ್ಲಿ ಬದುಕುವವರಿಗೆ ಅಂಥ ಹಕ್ಕಿರಲಿಲ್ಲ. ಬೆಟ್ಟ ಸಂಸ್ಥಾನದ್ದಾಗಿತ್ತು, ಆಮೇಲೆ ಸರ್ಕಾರದ್ದಾಯಿತು, ಗುತ್ತಿಗೆದಾರರ ವಶವಾಯಿತು. ದೇವಾಲಯದೊಳಗೂ ಎಲ್ಲರಿಗೂ ಸಮಾನ ಸ್ಥಾನವಿರಲಿಲ್ಲ. 1932ರಲ್ಲಿ ಸಂಡೂರಿನ ಅರಸರು ಕುಮಾರಸ್ವಾಮಿ ದೇವಾಲಯವನ್ನು ಹರಿಜನರಿಗೆ ತೆರೆದುದು ಗಾಂಧೀಜಿಯವರ ಮೆಚ್ಚುಗೆ ಪಡೆದ ದೊಡ್ಡ ಹೆಜ್ಜೆ. ಆದರೆ ಸ್ತ್ರೀಯರಿಗೆ ಕುಮಾರಸ್ವಾಮಿಯ ದರ್ಶನವಿಲ್ಲವೆಂಬ ಸಂಪ್ರದಾಯ ಮುಂದುವರಿಯಿತು. ದೇವಾಲಯದ ಇನಾಂ ಭೂಮಿಯನ್ನು ಉತ್ತು ಬಿತ್ತಿದ ಗೇಣಿದಾರರು ತಮ್ಮ ಹಕ್ಕಿಗಾಗಿ 1973ರಲ್ಲಿ ಸಮಾಜವಾದಿಗಳ ನೇತೃತ್ವದಲ್ಲಿ ಸಂಡೂರು ಭೂಹೋರಾಟ ನಡೆಸಬೇಕಾಯಿತು. ಜನರಿಗೆ ಬೆಟ್ಟ ಪೂಜೆಯ ವಸ್ತುವಾಗಿತ್ತೇ ಹೊರತು ಅವರ ಒಪ್ಪಿಗೆ ಬೇಕಾದ ಆಸ್ತಿಯಾಗಿರಲಿಲ್ಲ. ಗುಡಿಗೆ ಅಂತರ ಬಿಟ್ಟು ಬೆಟ್ಟವನ್ನು ಅಗೆಯಲು ಇದರಿಂದ ದಾರಿಯಾಯಿತು.

ಜೀವನೋಪಾಯದ ಹೊಸ ದಾರಿಗಳು

ಗಣಿ ನಿಂತಾಗ ದುಡಿಯುವ ಕೈಗಳೂ ನಿಂತವೆಂಬುದನ್ನು ಮರೆಯಲಾಗದು. ಅದಿರು ಆಯುತ್ತಿದ್ದ ಕೂಲಿಗಳಲ್ಲಿ ದಲಿತರು, ಲಂಬಾಣಿಗರು ಬಹುಸಂಖ್ಯೆಯಲ್ಲಿದ್ದರು. ಅದೇ 2011ರ ಜುಲೈನಲ್ಲಿ ಹಂಪಿಯ ಬಜಾರಿನ ಮಂಟಪಗಳಲ್ಲಿ ವಾಸವಾಗಿದ್ದವರ ಮನೆ-ಅಂಗಡಿಗಳನ್ನು ಪರಂಪರೆಯ ರಕ್ಷಣೆಯ ಹೆಸರಿನಲ್ಲಿ ತೆರವುಗೊಳಿಸಲಾಯಿತು. ಒಂದೆಡೆ ಬೆಟ್ಟದ ರಕ್ಷಣೆ, ಇನ್ನೊಂದೆಡೆ ಸ್ಮಾರಕದ ರಕ್ಷಣೆ. ಎರಡೂ ಅಗತ್ಯವಾಗಿದ್ದರೂ ಅವುಗಳ ಭಾರ ಬಿದ್ದುದು ದಿನದ ದುಡಿಮೆಯವರ ಮೇಲೆ.

ಆಶಾದಾಯಕ ನಿದರ್ಶನಗಳೂ ಇವೆ. 1984ರಲ್ಲಿ ಆರಂಭವಾದ ಸಂಡೂರು ಕುಶಲ ಕಲಾ ಕೇಂದ್ರವು ಲಂಬಾಣಿ ಸ್ತ್ರೀಯರ ಕಸೂತಿಗೆ ಮಾರುಕಟ್ಟೆ ಒದಗಿಸಿತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಎತ್ತುಗಳ ಮೇಲೆ ಸರಕು ಹೊತ್ತು ದಖ್ಖನ್ನಿನುದ್ದಕ್ಕೂ ಅಲೆದ ಸಮುದಾಯದ ಸ್ತ್ರೀಯರು ತಮ್ಮ ಉಡುಪಿನ ಕಲೆಯಿಂದಲೇ ಅನ್ನ ಗಳಿಸುವಂತಾಯಿತು. ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಬಾಳೆಯ ನಾರಿನಿಂದ ಬುಟ್ಟಿ, ಚೀಲ ಹೆಣೆಯುವ ಕೆಲಸವನ್ನು ಗ್ರಾಮದ ಸ್ತ್ರೀಯರಿಗೆ ಕಲಿಸಿತು. ವಿಜಯನಗರದ ಕಾಲುವೆ ಬಾಳೆಗೆ ನೀರೆರೆಯುತ್ತದೆ, ಗೊನೆ ಕಡಿದ ಮೇಲೆ ಬಿಸಾಡುತ್ತಿದ್ದ ದಿಂಡು ಕೂಲಿಯಾಗಿ ಮರಳುತ್ತದೆ. ವಿಜಯನಗರ ಜಿಲ್ಲೆಯದೇ ಆದ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದಲ್ಲಿ ಹಳ್ಳಿಗರು ಕೆರೆಯೊಳಗಿನ ಜಾಲಿಮರಗಳನ್ನೂ ಅಲ್ಲಿ ಗೂಡುಕಟ್ಟುವ ಹಕ್ಕಿಗಳನ್ನೂ ಕಾಪಾಡಿಕೊಂಡು ಬಂದರು. ಆ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.

ವಿಜಯದಶಮಿಯಂದು ಹೊಸಪೇಟೆಯ ಏಳು ಕೇರಿಗಳ ದೇವತೆಗಳ ಪಲ್ಲಕ್ಕಿಗಳು ನಾಗೇನಹಳ್ಳಿಯ ಧರ್ಮದಗುಡ್ಡಕ್ಕೆ ಹೋಗಿ ಬನ್ನಿಪೂಜೆ ನಡೆಸಿ ಮರಳುತ್ತವೆ. ಬನ್ನಿ ಒಣಭೂಮಿಯ ಮರ. ಕಡಿಮೆ ನೀರಿನಲ್ಲಿ ಬದುಕಿ, ಮಣ್ಣಿಗೆ ಸಾರ ಕೊಟ್ಟು, ಆಡು-ಕುರಿಗೆ ಮೇವಾಗುವ ಗುಣ ಅದಕ್ಕಿದೆ. ಹೊನ್ನೆಂದು ಬನ್ನಿಯ ಎಲೆಯನ್ನು ಹಂಚಿಕೊಳ್ಳುವ ಕೈಗಳು ಹೊಲದ ಬದುವಿನಲ್ಲಿ ಅದನ್ನು ನೆಟ್ಟು ಬೆಳೆಸಿದರೆ ಆಚರಣೆಗೆ ಅದರ ಹಳೆಯ ಅರ್ಥ ಮರಳಿ ಬರುತ್ತದೆ.

ಸಮಾರೋಪ

ಈವರೆಗಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಈ ಪ್ರದೇಶದಲ್ಲಿ ನಂಬಿಕೆಗಳು ನೆಲ, ನೀರು, ಪ್ರಾಣಿಗಳನ್ನು ಕುರಿತ ಜನರ ತಿಳಿವಳಿಕೆಯನ್ನು ತಲೆಮಾರಿನಿಂದ ತಲೆಮಾರಿಗೆ ಸಾಗಿಸಿವೆ. ಕೆಲವೊಮ್ಮೆ ಬಲಿ, ಬಹಿಷ್ಕಾರಗಳಂಥ ಕ್ರೌರ್ಯವನ್ನೂ ಸಾಗಿಸಿವೆ. ಎರಡನೆಯದಾಗಿ, ನಂಬಿಕೆಯು ದುಡಿಯುವವರ ಹಕ್ಕು ಹಾಗೂ ನಿರಂತರ ನಿರ್ವಹಣೆಯೊಡನೆ ಕೂಡಿಕೊಂಡ ಕಡೆ, ಅಂದರೆ ಕಾಲುವೆ, ಕೆರೆಗಳ ವಿಷಯದಲ್ಲಿ, ಅದು ಐದಾರು ಶತಮಾನಗಳ ಕಾಲ ಬಾಳಿದೆ. ಮೂರನೆಯದಾಗಿ, ಪೂಜೆ ಒಬ್ಬರದು, ಒಡೆತನ ಇನ್ನೊಬ್ಬರದು ಎಂಬಂತಾದ ಸಂಡೂರಿನ ಬೆಟ್ಟದಲ್ಲಿ ನಂಬಿಕೆ ಗುಡಿಯ ಆವರಣಕ್ಕೆ ಕುಗ್ಗಿತು.

ಆದುದರಿಂದ ಇಂದು ನೀರುನಾಯಿಯ ಮೀಸಲು ಹೊಳೆಯಾಗಲಿ, ಕರಡಿಧಾಮವಾಗಲಿ, ಗಣಿಯಿಂದ ಜರ್ಜರಿತವಾದ ಬೆಟ್ಟದ ಪುನಶ್ಚೇತನವಾಗಲಿ, ಅಲ್ಲಿ ಬದುಕುವ ಬೆಸ್ತ, ಕುರುಬ, ಲಂಬಾಣಿ, ದಲಿತ, ರೈತ ಕುಟುಂಬಗಳಿಗೆ ನಿರ್ಧಾರದಲ್ಲಿ ಪಾಲಿಲ್ಲದೆ ನಡೆದರೆ ಬಹುಕಾಲ ನಿಲ್ಲಲಾರದು. ಸಂಡೂರಿನ ಬೆಟ್ಟದ ಮಣ್ಣು ಮಳೆಗೆ ಕೊಚ್ಚಿ ಹಳ್ಳ-ಕೆರೆಗಳಲ್ಲಿ ತುಂಬಿದರೆ ಕೆಳಗಿನ ಬಯಲಿನ ರೈತನ ಬೆಳೆಗೂ ಕುತ್ತು ಬರುತ್ತದೆ. ವಿಜಯನಗರದ ಕಾಲುವೆಗಳನ್ನು ಉಳಿಸಿಕೊಂಡು ಬಂದ ರೈತರು ಪ್ರತಿವರ್ಷ ಹೂಳು ತೆಗೆದರು, ಸರದಿಯ ಮೇಲೆ ನೀರು ಹಂಚಿಕೊಂಡರು. ಅಂಥ ಹಕ್ಕು ಮತ್ತು ಅಂಥ ಹೊಣೆ ಬೆಟ್ಟದ ತಪ್ಪಲಿನವರಿಗೂ ಹೊಳೆಯ ದಂಡೆಯವರಿಗೂ ದೊರೆತಾಗ ಈ ಸೀಮೆಯ ನಂಬಿಕೆಗಳು ಮುಂದಿನ ತಲೆಮಾರಿಗೂ ಅರ್ಥಪೂರ್ಣವಾಗಿ ಉಳಿಯುತ್ತವೆ.